ಹಬ್ಬದ ನಾಟಕಕ್ಕೆ ಮನೆಮಂದಿಯೆಲ್ಲ ಬರುವಂತಾಗಲಿ

ಜಗಳೂರು ಸೀಮೆಯಲ್ಲಿ ಮಳೆ ಕಡಿಮೆ, ನಾಟಕದ ಹುಚ್ಚು ಹೆಚ್ಚು. ಯುಗಾದಿ, ದೀಪಾವಳಿ, ಊರ ಜಾತ್ರೆ ಹತ್ತಿರ ಬಂತೆಂದರೆ ಹುಡುಗರು ಹಾರ್ಮೋನಿಯಂ ಮೇಷ್ಟ್ರನ್ನು ಕರೆತಂದು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಹಗಲು ಹೊಲದಲ್ಲಿ ದುಡಿದವನು ರಾತ್ರಿ ಕಂದಪದ್ಯ ಕಲಿಯುತ್ತಾನೆ. ಇದನ್ನು ಯಾರೂ ಹಗುರವಾಗಿ ಕಾಣಬಾರದು.

ಶರಣ ಸಂಸ್ಕೃತಿಯ ಚರಿತ್ರೆಯಲ್ಲಿ ಜಗಳೂರಿಗೆ ಒಂದು ಸ್ಥಾನವಿದೆ. ಮೊದಲ ತರಳಬಾಳು ಹುಣ್ಣಿಮೆ 1950ರಲ್ಲಿ ನಡೆದದ್ದು ಇಲ್ಲಿಯೇ. ಅದಕ್ಕೆ ಹೆಗಲು ಕೊಟ್ಟವರಲ್ಲಿ ಇದೇ ಊರಿನ ಜೆ. ಮಹಮ್ಮದ್ ಇಮಾಂ ಸಾಹೇಬರೂ ಇದ್ದರು. ಸಿರಿಗೆರೆಯ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ಬರಿಯ ಉಪದೇಶದಿಂದಲೇ ಸಮಾಜ ತಿದ್ದೀತೆಂದು ನಂಬಿ ಕೂರಲಿಲ್ಲ. ‘ಮರಣವೇ ಮಹಾನವಮಿ’, ‘ವಿಶ್ವಬಂಧು ಮರುಳಸಿದ್ಧ’ ಮೊದಲಾದ ನಾಟಕಗಳನ್ನು ತಾವೇ ಬರೆದರು. ಅವರ ಶಿಷ್ಯರಾದ ಸಾಣೇಹಳ್ಳಿಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು 1997ರಲ್ಲಿ ‘ಶಿವಸಂಚಾರ’ ತಂಡವನ್ನು ಕಟ್ಟಿದರು. ಹೆಣ್ಣುಮಕ್ಕಳೂ ಗಂಡುಮಕ್ಕಳೂ ಒಂದೇ ತಂಡವಾಗಿ ನಾಡಿನ ಊರೂರಿಗೆ ನಾಟಕ ಒಯ್ಯುತ್ತಿದ್ದಾರೆ. ಮಠದ ಅಂಗಳದಲ್ಲಿ ರಂಗಕ್ಕೆ ಸಂದ ಈ ಗೌರವ ನಮ್ಮ ಹಳ್ಳಿಯ ರಂಗದಲ್ಲಿ ಉಳಿದಿದೆಯೇ ಎಂಬುದೇ ಇಂದಿನ ಪ್ರಶ್ನೆ.

ಕಳೆದ ಯುಗಾದಿಯ ಮರುದಿನ ಈ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆಮಂದಿಯೊಂದಿಗೆ ಕಲ್ಯಾಣದ ಕಥೆಯ ನಾಟಕ ನೋಡಿದೆ. ಎಂಬತ್ತು ದಾಟಿದ ನಮ್ಮ ತಾಯಿಯವರು ಕಂಬಳಿ ಹೊದ್ದು ಮುಂದಿನ ಸಾಲಿನಲ್ಲೇ ಕೂತರು. ಕುರಿ ಕಾಯುವ ಹುಡುಗನೊಬ್ಬ ಬಿಜ್ಜಳನಾಗಿ ಗರ್ಜಿಸಿದ. ನೀಲಾಂಬಿಕೆಯ ಪಾತ್ರಧಾರಿಗೆ ತಾಯಿಯವರು ಕೂತಲ್ಲಿಂದಲೇ ಕೈ ಮುಗಿದರು. ಅರ್ಧ ಗಂಟೆ ಕಳೆದಿರಲಿಲ್ಲ, ಅದೇ ಕಲಾವಿದೆಯನ್ನು ಸಿನಿಮಾ ಹಾಡಿಗೆ ಕುಣಿಯಲು ನಿಲ್ಲಿಸಲಾಯಿತು. ಮೈಕಿನಲ್ಲಿ ಹೆಸರು ಕೂಗಿಸಿ ಆಕೆಯ ಸೀರೆಗೆ ನೋಟು ಚುಚ್ಚಲು ಗಂಡಸರು ಸಾಲುಗಟ್ಟಿದರು. ಹೆಂಗಸರು ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು. ನಾವೂ ಎದ್ದೆವು. “ಯಾರ ಮನೆ ಮಗಳೋ, ಉಂಡಾಳೋ ಇಲ್ಲೋ” ಎಂದಷ್ಟೇ ಅಂದರು ತಾಯಿಯವರು.

ತಪ್ಪು ಆ ಕಲಾವಿದೆಯದಲ್ಲ. ಆಕೆಗೆ ನಟನೆಯೇ ಕಾಯಕ. ಕುಣಿಯಬೇಕೆಂದು ಕರಾರು ಮಾಡಿದವರು ನಾವು. ರಂಗವನ್ನು ಕೊಳೆ ಮಾಡುವವರೂ ನಾವೇ, ರಂಗ ಕೊಳೆಯೆಂದು ನಮ್ಮ ಹೆಣ್ಣುಮಕ್ಕಳನ್ನು ದೂರವಿಡುವವರೂ ನಾವೇ. ಹೆಣ್ಣಿಗೂ ಗಂಡಿಗೂ ಒಂದೇ ಇಷ್ಟಲಿಂಗ ಕೊಟ್ಟ ಧರ್ಮ ನಮ್ಮದು. ಅಕ್ಕಮಹಾದೇವಿ, ಸತ್ಯಕ್ಕರ ಮಾತಿಗೆ ತಲೆಬಾಗಿದವರ ವಂಶದವರೆಂದು ಹೇಳಿಕೊಂಡು ಅವರ ಪಾತ್ರ ಮಾಡಿದವಳನ್ನು ಹೀಗೆ ಕಾಣುವುದು ಯಾವ ಶರಣತತ್ವ?

“ಡ್ಯಾನ್ಸ್ ಇಲ್ಲದಿದ್ದರೆ ಜನ ಕೂರುವುದಿಲ್ಲ, ಖರ್ಚು ಹುಟ್ಟುವುದಿಲ್ಲ” ಎಂದು ಸಂಘಟಕರು ಹೇಳುತ್ತಾರೆ. ಸೀನು, ಲೈಟು, ಮೈಕು, ಕಲಾವಿದರ ಸಂಭಾವನೆ ಎಲ್ಲಕ್ಕೂ ದುಡ್ಡು ಬೇಕು, ನಿಜ. ಆದರೆ ಎದ್ದು ಹೋದವರು ಅರ್ಧ ಊರು. ಅವರನ್ನೂ ಲೆಕ್ಕಕ್ಕೆ ಹಿಡಿಯಬೇಡವೇ? ಏಣಗಿ ಬಾಳಪ್ಪನವರು ಬಸವೇಶ್ವರರ ಪಾತ್ರದಲ್ಲಿ ಬಂದಾಗ ಜನ ಕೈಮುಗಿಯುತ್ತಿದ್ದರು. ಆ ಜನರೂ ಇಂಥ ಹಳ್ಳಿಗಳವರೇ.

ಮಾಡಬೇಕಾದ್ದು ದೊಡ್ಡದೇನಲ್ಲ. ದಾಸೋಹಕ್ಕೆ ಅಕ್ಕಿ ಕೊಡುವ ಕೈ ನಾಟಕದ ಖರ್ಚಿಗೂ ಇಷ್ಟು ಕೊಡಲಿ. ಹೊರಗಿನಿಂದ ಬಂದ ಕಲಾವಿದೆ ಊರಿನ ಒಂದು ಮನೆಯಲ್ಲಿ ಮಗಳಂತೆ ಉಣ್ಣಲಿ, ತಂಗಲಿ. ಬಣ್ಣ ಹಚ್ಚುವ ಮೊದಲೇ ಸಂಭಾವನೆ ಆಕೆಯ ಕೈ ಸೇರಲಿ. ಮೆಚ್ಚುಗೆಯ ಹಣವಿದ್ದರೆ ತಟ್ಟೆಗೆ ಬೀಳಲಿ, ಸೆರಗಿಗಲ್ಲ. ಕಾಲೇಜಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಒಂದೆರಡು ಪಾತ್ರ ಕೊಡಿ. ತಾಲೀಮು ರಜಾದಿನದ ಹಗಲಿನಲ್ಲಿ ಶಾಲೆಯಲ್ಲಿ ನಡೆಯಲಿ, ತಾಯಂದಿರೂ ಬಂದು ಕೂರಲಿ. ನಮ್ಮ ಮಗಳೇ ನೀಲಾಂಬಿಕೆಯಾಗಿ ನಿಂತ ರಂಗದ ಮೇಲೆ ನೋಟು ಹಿಡಿದು ಹತ್ತುವ ಧೈರ್ಯ ಯಾರಿಗಿದ್ದೀತು?

ದೀಪಾವಳಿಯ ತಾಲೀಮು ಶುರುವಾಗುವ ಮುನ್ನ ಊರೂರಿನ ಹಿರಿಯರು, ಯುವಕರು, ಅಕ್ಕನ ಬಳಗದ ತಾಯಂದಿರು ಒಂದೆಡೆ ಕೂತು ಇದನ್ನು ತೀರ್ಮಾನಿಸಲಿ.