ತುಘಲಕನ ಮೊರೆ

ದುರಂತನಾಯಕನ ಸ್ವಗತವನ್ನು ಅವನ ಅಂತರಂಗದ ಕನ್ನಡಿಯೆಂದು ಓದುವುದು ವಾಡಿಕೆ. ಗಿರೀಶ ಕಾರ್ನಾಡರ 'ತುಘಲಕ್' (1964) ಈ ವಾಡಿಕೆಯನ್ನು ಪ್ರಶ್ನೆಗೆ ಒಡ್ಡುತ್ತದೆ. ಅಲ್ಲಿ ಪ್ರಾರ್ಥನೆಯ ವೇಳೆಯಲ್ಲೇ ಸುಲ್ತಾನನ ಕೊಲೆಗೆ ಸಂಚು ನಡೆಯುತ್ತದೆ. ಸಂಚನ್ನು ಮುರಿದ ಸುಲ್ತಾನ ರಾಜ್ಯದಲ್ಲಿ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಮುಂದೆ ಮಲತಾಯಿಗೆ ಮರಣದಂಡನೆ ವಿಧಿಸಿ ಒಬ್ಬಂಟಿಯಾದಾಗ ಅವನೇ ಮೊಣಕಾಲೂರಿ ದೇವರನ್ನು ಕರೆಯುತ್ತಾನೆ. ಹ್ಯಾಮ್ಲೆಟ್ ತನ್ನೊಡನೆ ತಾನು ವಾದಿಸುತ್ತಾನೆ. ತುಘಲಕನ ಸ್ವಗತ ಮೊರೆಯಾಗುತ್ತದೆ. ಮೊರೆಯಿಡಲು ಅವನಿಗೆ ಉಳಿದಿರುವುದಾದರೂ ತಾನೇ ನಿಷೇಧಿಸಿದ ಮಾತು. ಅವನ ವೇದನೆ ನಿಜ. ಅದನ್ನು ನುಡಿಯುವ ಅಧಿಕಾರವನ್ನು ಅವನೇ ಕಳೆದುಕೊಂಡಿದ್ದಾನೆ. ಅವನ ಅಂತರ್ದ್ವಂದ್ವದ ತಿರುಳು ಇದೇ. ಆದುದರಿಂದ ಸ್ವಗತವನ್ನು ತಪ್ಪೊಪ್ಪಿಗೆಯೆಂದಷ್ಟೇ ಓದಿದರೆ ಸಾಲದು. ಆ ಮಾತು ಯಾರನ್ನು ಉದ್ದೇಶಿಸಿದೆ, ಅದೇ ಮಾತನ್ನು ನಾಯಕ ಹಿಂದೆ ಹೇಗೆ ನಡೆಸಿಕೊಂಡಿದ್ದ ಎಂಬುದನ್ನೂ ವಿಮರ್ಶೆ ವಿಚಾರಿಸಬೇಕು.