ಓಗೊಡದ ಮಗು

ಕರೆಯುವುದು ಮತ್ತು ಓಗೊಡುವುದು ಎಂಬ ಎರಡು ಕ್ರಿಯೆಗಳನ್ನು ನಮ್ಮ ನುಡಿ ಜೋಡಿಯಾಗಿಯೇ ಇಟ್ಟುಕೊಂಡಿದೆ. ಕರೆದವರಿಗೆ ‘ಓ’ ಎನ್ನುವುದು ಮನುಷ್ಯಸಂಬಂಧದ ಮೊದಲ ಪಾಠ. ಹಾಗಾದರೆ ‘ಓ’ ಎನ್ನಲಾರದ ಮಗುವನ್ನು ಕುರಿತು ನಾವು ಏನೆಂದು ಭಾವಿಸಬೇಕು?

ನಾರಾಯಣಪುರದಲ್ಲಿ ಬಸವಸಾಗರದ ಬಾಗಿಲುಗಳನ್ನು ತೆರೆದಾಗ ಕೃಷ್ಣೆಯ ಮೊರೆತ ಬಹುದೂರ ಕೇಳಿಸುತ್ತದೆ. ಆ ಮೊರೆತಕ್ಕೆ ಅಲುಗದ ಏಳು ವರ್ಷದ ಬಾಲೆಯೊಬ್ಬಳು ತಾಯಿಯ ದನಿಗೆ ಕಣ್ಣರಳಿಸಿದುದನ್ನು ನಾನು ಕಂಡಿದ್ದೇನೆ. ಆಕೆಗಿರುವುದು ರೆಟ್ ಸಿಂಡ್ರೋಮ್. ಕಲಿತಿದ್ದ ಎರಡು ಮೂರು ಮಾತುಗಳು ಎರಡನೆಯ ವರ್ಷದಲ್ಲಿಯೇ ಉಡುಗಿದವು. ಕೈಗಳು ಎಡೆಬಿಡದೆ ಒಂದನ್ನೊಂದು ಹೊಸೆಯತೊಡಗಿದವು. “ಕರದ್ರ ಓ ಅನ್ನಂಗಿಲ್ರೀ ಸರ, ಆದ್ರ ಅಕಿಗಿ ಎಲ್ಲಾ ತಿಳಿತದ” ಎಂದು ತಾಯಿ ಹೇಳಿದರೆ ಓಣಿಯವರು ಅದನ್ನು ಹೆತ್ತ ಕರುಳಿನ ಭ್ರಮೆಯೆನ್ನುತ್ತಾರೆ. ಮಾತಿಲ್ಲದಲ್ಲಿ ಮನಸ್ಸೂ ಇಲ್ಲವೆಂದು ಎಣಿಸುವ ಈ ತಪ್ಪು, ಮಾತನ್ನೇ ನಂಬಿ ಬದುಕುವ ನನ್ನಂಥ ಅಧ್ಯಾಪಕನಲ್ಲಿಯೂ ಇತ್ತು.

ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್ 1966ರಲ್ಲಿ ಈ ವ್ಯಾಧಿಯನ್ನು ವರ್ಣಿಸಿದರು. 1999ರಲ್ಲಿ ಹುದಾ ಜೋಗ್ಬಿಯವರ ತಂಡ ಎಕ್ಸ್ ವರ್ಣತಂತುವಿನಲ್ಲಿರುವ ಒಂದು ಜೀನಿನ ದೋಷವೇ ಇದಕ್ಕೆ ಕಾರಣವೆಂದು ಕಂಡುಹಿಡಿಯಿತು. ಸುಮಾರು ಹತ್ತು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇದು ಬರುತ್ತದೆ. ದೋಷವು ಬಹುಪಾಲು ಹೊಸದಾಗಿಯೇ, ಅದೂ ಹೆಚ್ಚಾಗಿ ತಂದೆಯ ಬೀಜಕೋಶದಲ್ಲಿ ಹುಟ್ಟುತ್ತದೆ. ಇದು ಯಾರ ಪಾಪದ ಫಲವೂ ಅಲ್ಲ. ಆದರೂ ನಮ್ಮಲ್ಲಿ ನಿಂದೆಯ ಹೊರೆ ತಾಯಿಯ ತಲೆಗೇ.

ಮನುಷ್ಯರ ದನಿಗೆ ವಿಶೇಷವಾಗಿ ಸ್ಪಂದಿಸುವ ಎಡೆಗಳು ಮಿದುಳಿನಲ್ಲಿವೆಯೆಂದು ಪಾಸ್ಕಲ್ ಬೆಲಾನ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರಲ್ಲಿ ಮೊದಲು ದಾಖಲಿಸಿದ ಮಿದುಳಿನ ವಿದ್ಯುದಲೆಗಳು ಇಲ್ಲಿ ನೆರವಿಗೆ ಬರುತ್ತವೆ. ತಲೆಗೆ ನೋವಾಗದಂತೆ ವಿದ್ಯುದ್ವಾರಗಳನ್ನು ತೊಡಿಸಿ, ಮಗುವಿನ ಹೆಸರನ್ನೂ ಬೇರೆ ಹೆಸರುಗಳನ್ನೂ ಮತ್ತೆ ಮತ್ತೆ ಕೇಳಿಸುತ್ತಾರೆ. ಮಗು ಮಾತಾಡಬೇಕಿಲ್ಲ, ಬೆರಳೆತ್ತಬೇಕಿಲ್ಲ. ಸೆಕೆಂಡಿನ ಒಂದಂಶದೊಳಗೆ ಏಳುವ ಅಲೆಗಳು ಎರಡಕ್ಕೂ ಬೇರೆಬೇರೆಯಾಗಿದ್ದರೆ, ಮಿದುಳು ಆ ಎರಡನ್ನೂ ಬೇರೆಯೆಂದು ಅರಿತಿದೆಯೆಂದೇ ಅರ್ಥ. ಅಲೆ ಕಂಡಮಾತ್ರಕ್ಕೆ ಮಗುವಿಗೆ ಎಲ್ಲವೂ ತಿಳಿಯಿತೆನ್ನಲಾಗದು, ನಿಜ; ಆದರೆ ಅಲೆ ಕಾಣದಿದ್ದ ಮಾತ್ರಕ್ಕೆ ಏನೂ ತಿಳಿಯದೆನ್ನುವುದೂ ಸಲ್ಲದು.

ಇಂತಹ ತಿಳಿವಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ಆದರೆ ನಾರಾಯಣಪುರದಿಂದ ಬೆಂಗಳೂರಿಗೇ ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಕೂಲಿಯ ದಿನಗಳನ್ನು ಕಳೆದುಕೊಂಡು ಆ ದಾರಿಯನ್ನು ಎಷ್ಟು ಸಲ ತುಳಿಯಲಾದೀತು? 2021ರಲ್ಲಿ ದೇಶವು ಅಪರೂಪದ ರೋಗಗಳಿಗೊಂದು ನೀತಿಯನ್ನು ರೂಪಿಸಿತು. ಜಿಲ್ಲಾಕೇಂದ್ರದಲ್ಲಿಯೇ ಶ್ರವಣ ಪರೀಕ್ಷೆ, ಮಿದುಳಿನಲೆಯ ಪರೀಕ್ಷೆ, ಜೀನ್ ಪರೀಕ್ಷೆಗೆ ರಕ್ತ ಕಳಿಸುವ ಏರ್ಪಾಡು ಇವಿಷ್ಟಾದರೂ ದೊರೆತಲ್ಲದೆ ಆ ನೀತಿ ನಮ್ಮ ಓಣಿಯನ್ನು ಮುಟ್ಟಿತೆನ್ನಲಾರೆ.

ಸರ್ಕಾರದ ಕೆಲಸ ಅದು. ನಮ್ಮ ಕೆಲಸಕ್ಕೆ ಹಣ ಬೇಕಿಲ್ಲ: ಆ ಮಗುವಿನ ಮುಂದೆ ಅವಳು ಇಲ್ಲವೆಂಬಂತೆ ಮಾತಾಡದಿರುವುದು, ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸದಿರುವುದು. ಅವಳ ‘ಓ’ ನಮ್ಮ ಕಿವಿಗೆ ಬೀಳದಿರಬಹುದು. ನಮ್ಮ ಕರೆ ಅವಳಿಗೆ ಮುಟ್ಟುತ್ತಿಲ್ಲವೆಂದು ಹೇಳಲು ನಾವು ಯಾರು?