ಒಂಬತ್ತನೆಯ ನಂಬರು

ಅಪರಿಚಿತರ ಮುಂದೆ ಕಾಲು ನೀಡಿ ಕುಳಿತುಕೊಳ್ಳುವ ಸ್ಥಳ ಊರಿನಲ್ಲಿ ಒಂದೇ ಒಂದು. ಅದು ಪಾದರಕ್ಷೆಯ ಅಂಗಡಿ. ದೊಡ್ಡವರ ಮುಂದೆ ಕಾಲು ಚಾಚಬಾರದೆಂದು ಅಜ್ಜಿಯಿಂದ ಏಟು ತಿಂದು ಬೆಳೆದ ನನ್ನಂಥವನಿಗೆ ಅಲ್ಲಿ ಕುಳಿತುಕೊಳ್ಳುವುದೇ ಮುಜುಗರ. ಕಾಲುಚೀಲದ ತೂತು, ಹಿಮ್ಮಡಿಯ ಬಿರುಕು, ತಿಂಗಳಿಂದ ಕತ್ತರಿ ಕಾಣದ ಉಗುರು, ಹೀಗೆ ಮನೆಯವರಿಂದಲೂ ಮರೆಸಿಟ್ಟಿದ್ದ ಗುಟ್ಟುಗಳೆಲ್ಲ ಅಂಗಡಿಯ ಹುಡುಗನೊಬ್ಬನ ಎದುರು ರಟ್ಟಾಗಿಬಿಡುತ್ತವೆ. ಆದರೂ ಗಂಡಸು ತನಗೊಂದು ಜೊತೆ ಚಪ್ಪಲಿ ಕೊಳ್ಳುವುದು ಹತ್ತು ನಿಮಿಷದ ಕೆಲಸ. ಕಪ್ಪೋ ಕಂದೋ ಎಂಬ ಪ್ರಶ್ನೆಯೊಂದನ್ನು ಬಿಟ್ಟರೆ ಅಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ.

ಅದೇ ಗಂಡಸು ಹೆಂಗಸರ ಚಪ್ಪಲಿಯನ್ನು, ಹೆಂಡತಿಗಲ್ಲ, ಅಕ್ಕತಂಗಿಯರಿಗಲ್ಲ, ತನಗೇ ಕೊಳ್ಳಬೇಕೆಂದು ಹೊರಟರೆ ಆ ಕೆಲಸಕ್ಕೆ ಎಷ್ಟು ಹೊತ್ತು ಹಿಡಿದೀತು? ನನ್ನ ಗೆಳೆಯನಿಗೆ ಮೂರು ವರ್ಷ ಹಿಡಿಯಿತು. ಅವನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಬೇಡ, ಆಫೀಸು ಬೇಡ. ಚಪ್ಪಲಿ ಬಣ್ಣ ಬೇಕಾದರೆ ಬರಿ ಮಾರಾಯ," ಎಂದಿದ್ದಾನೆ.

ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದವರು. ಒಂದು ವರ್ಷ ವಾರ್ಷಿಕೋತ್ಸವಕ್ಕೆ ವಿರಾಟಪರ್ವದ ಕಥೆಯನ್ನು ನಾಟಕವಾಗಿ ಆಡಿದೆವು. ಬೃಹನ್ನಳೆಯ ಪಾತ್ರಕ್ಕೆ ಯಾರೂ ಮುಂದೆ ಬರಲಿಲ್ಲ, ಅವನು ಬಂದ. ಸೀರೆಯುಟ್ಟು, ಗೆಜ್ಜೆ ಕಟ್ಟಿ, ಉತ್ತರೆಗೆ ನಾಟ್ಯ ಕಲಿಸುವ ದೃಶ್ಯದಲ್ಲಿ ಅವನು ರಂಗದ ಈ ತುದಿಯಿಂದ ಆ ತುದಿಗೆ ನಡೆದ ಪರಿಯನ್ನು ಕಂಡು ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಪ್ರಾಂಶುಪಾಲರು ಶಾಲು ಹೊದಿಸಿದರು. ಮರುದಿನ ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಯಾರೋ ಅವನನ್ನು "ಒಂಬತ್ತು" ಎಂದು ಕರೆದರು.

ಈ ಅಂಕಿಗೆ ನಮ್ಮ ಬೀದಿಗಳಲ್ಲಿ ಎಂಥ ಅರ್ಥವಿದೆಯೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ನಿಘಂಟುಕಾರರು ಅದನ್ನು ಸೇರಿಸಿಕೊಂಡಿರಲಿ ಬಿಡಲಿ, ಶಾಲೆಯ ಹಿಂದಿನ ಬೆಂಚಿನ ಪ್ರತಿಯೊಬ್ಬ ಹುಡುಗನಿಗೂ ಅದು ತಿಳಿದಿದೆ. ಆ ವರ್ಷವೆಲ್ಲ ಅದೇ ಅವನ ಹೆಸರಾಯಿತು. ಕರೆದವರಲ್ಲಿ ನಾನೂ ಒಬ್ಬ. ಎಲ್ಲರೂ ಕರೆಯುತ್ತಿದ್ದರು, ನಾನೂ ಕರೆದೆ. ಇದಕ್ಕಿಂತ ಒಳ್ಳೆಯ ಸಬೂಬು ನನ್ನಲ್ಲಿಲ್ಲ.

ವರ್ಷಗಳು ಕಳೆದು ಇಬ್ಬರೂ ಬೆಂಗಳೂರಿಗೆ ಬಂದು ನೆಲೆಸಿದೆವು. ನಾನು ಮೇಷ್ಟರಾದೆ, ಅವನು ಲೆಕ್ಕಪತ್ರದ ಕೆಲಸ ಹಿಡಿದ. ಒಂದು ರಾತ್ರಿ ಅವನ ಮನೆಯ ತಾರಸಿಯ ಮೇಲೆ ಊಟ ಮುಗಿಸಿ ಕುಳಿತಿದ್ದಾಗ, ಬಹಳ ಹೊತ್ತು ಸುಮ್ಮನಿದ್ದು, ಹೇಳಿದ. ರಜೆಯ ದಿನಗಳಲ್ಲಿ, ಬಾಗಿಲು ಹಾಕಿಕೊಂಡು, ಅವನು ಸೀರೆ ಉಡುತ್ತಾನೆ. ಹೆಂಡತಿಗೆ ಗೊತ್ತು, ಮದುವೆಗೆ ಮುಂಚೆಯೇ ಹೇಳಿದ್ದನಂತೆ. ನೆರಿಗೆ ಹಿಡಿದು ಕೊಡುವವಳೂ ಅವಳೇ. ಹೆಣ್ಣಾಗಬೇಕೆಂಬ ಬಯಕೆಯೇ ಎಂದು ನಾನು ಕೇಳಿದೆ. "ಅಲ್ಲ. ನಾನು ಗಂಡಸೇ. ಆದರೆ ಆ ಎರಡು ಗಂಟೆ ಉಸಿರು ಸಲೀಸಾಗಿ ಆಡತ್ತೆ. ಯಾಕೆ ಅಂತ ಕೇಳಬೇಡ, ನನಗೇ ಗೊತ್ತಿಲ್ಲ," ಎಂದ. ಸೀರೆಗೆ ಅಳತೆಯ ಹಂಗಿಲ್ಲ, ಕುಪ್ಪಸವನ್ನು ಹೊಲಿಸಬಹುದು, ಬಳೆಯೂ ಹೇಗೋ ಆದೀತು. ಚಪ್ಪಲಿಯೊಂದು ಮಾತ್ರ ಕಾಲನ್ನು ಅಂಗಡಿಗೆ ಕರೆದೊಯ್ಯದೆ ಸಿಗುವ ವಸ್ತುವಲ್ಲ. ಹೆಂಡತಿಯದು ಐದನೆಯ ನಂಬರು. ಅವನದು ಒಂಬತ್ತು.

ಅಂಚೆಯಲ್ಲಿ ತರಿಸಿಕೊಳ್ಳಬಹುದಲ್ಲ ಎಂದೆ. ಎರಡು ಬಾರಿ ಫೋನಿನ ಮೂಲಕವೇ ತರಿಸಿದ್ದನಂತೆ. ಒಂದು ಬಿಗಿ, ಇನ್ನೊಂದರ ಹಿಮ್ಮಡಿ ನಿಂತರೆ ತೂಗಾಡುವಂಥದು. ಎರಡೂ ಮರಳಿ ಹೋದುವು. "ಅದೂ ಅಲ್ಲದೆ ಮೇಷ್ಟ್ರೇ, ಒಂದು ಸಲವಾದರೂ ಅಂಗಡಿಯಲ್ಲಿ ಕೂತು ಕೊಳ್ಳಬೇಕು ಅಂತ ಆಸೆ. ನೀನು ಜೊತೆಗೆ ಬರ್ತೀಯಾ?"

ಇಲ್ಲಿ ಪಾದದ ಅಳತೆಯ ವಿಚಾರವಾಗಿ ನಾಲ್ಕು ಮಾತು ಹೇಳಬೇಕು. ಈ ಸಾಹಸದ ದೆಸೆಯಿಂದ ನಾನು ಕಲಿತ ವಿದ್ಯೆ ಇದು. ನಮ್ಮ ಅಂಗಡಿಗಳಲ್ಲಿ ಬಹುಮಟ್ಟಿಗೆ ನಡೆಯುವುದು ಇಂಗ್ಲಿಷರ ನಂಬರು. ಒಂದು ನಂಬರಿಗೂ ಮುಂದಿನದಕ್ಕೂ ಅಂಗುಲದ ಮೂರನೆಯ ಒಂದು ಭಾಗ ಅಂತರ. ಅದು ಅವರ ಹಳೆಯ ಲೆಕ್ಕದಲ್ಲಿ ಒಂದು ಜವೆಕಾಳಿನ ಉದ್ದ. ಈ ಪದ್ಧತಿಯಲ್ಲಿ ಗಂಡಸರ ಎಂಟಕ್ಕೂ ಹೆಂಗಸರ ಎಂಟಕ್ಕೂ ಉದ್ದದಲ್ಲಿ ಭೇದವಿಲ್ಲ. ಭೇದವಿರುವುದು ಅಗಲದಲ್ಲಿ, ಹೆಂಗಸರ ಅಚ್ಚು ಕಿರಿದು. ಅಮೆರಿಕದವರ ಲೆಕ್ಕದಲ್ಲಿ ಮಾತ್ರ ಹೆಂಗಸರ ನಂಬರು ಒಂದೂವರೆಯಿಂದ ಎರಡು ಹೆಚ್ಚು, ಆದ್ದರಿಂದ ಹೊರಗಿನ ಮಾಲು ಕೊಳ್ಳುವವರು ಮೋಸಹೋಗುವುದುಂಟು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚಿಯವರೆಗೆ ದೇಶದಲ್ಲೆಲ್ಲ ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಪಾಶ್ಚಾತ್ಯರದಕ್ಕಿಂತ ಅಗಲವೆಂದು ಕಂಡುಕೊಂಡರು. ನಮ್ಮ ಹೆಂಗಸರೇ ಬಿಗಿಯೆಂದು ಗೊಣಗುವ ಅಚ್ಚಿನೊಳಕ್ಕೆ ಗಂಡಸಿನ ಪಾದ ಇಳಿಯುವುದು ಸುಲಭವಲ್ಲ. ಸಾಲದುದಕ್ಕೆ ಅಂಗಡಿಯ ಹೆಂಗಸರ ಸಾಲು ಸಾಮಾನ್ಯವಾಗಿ ಎಂಟಕ್ಕೆ ಮುಗಿದುಹೋಗುತ್ತದೆ.

ಮೊದಲನೆಯ ಸಲ ನಾವು ಹೋದದ್ದು ಜಯನಗರಕ್ಕೆ. ನನ್ನ ಕಾಲೇಜಿನಿಂದ ಅದು ಸಾಕಷ್ಟು ದೂರವೆಂದು ಆರಿಸಿದವನು ನಾನೇ. ಭಾನುವಾರದ ಸಂಜೆ, ಅಂಗಡಿಯ ತುಂಬ ಜನ. ಗುಂಪಿನಲ್ಲಿ ಯಾರೂ ಗಮನಿಸುವುದಿಲ್ಲವೆಂಬ ನಮ್ಮ ಎಣಿಕೆ ಎಷ್ಟು ತಪ್ಪೆಂಬುದು ಒಳಗೆ ಹೋದ ಮೇಲೆ ತಿಳಿಯಿತು. ಅವನ ಹಣೆಯಲ್ಲಿ ಬೆವರು. ಹೆಂಗಸರ ಸಾಲಿನ ಮುಂದೆ ನಿಂತ ಕೂಡಲೇ ಹುಡುಗನೊಬ್ಬ ಬಂದ.

"ಯಾರಿಗೆ ಸಾರ್?"

"ಅಕ್ಕನಿಗೆ."

"ಅಕ್ಕನ ಸೈಜ್ ಎಷ್ಟು ಸಾರ್?"

ಗೆಳೆಯ ನನ್ನ ಮುಖ ನೋಡಿದ. ಅವನ ಬಾಯಿಗೆ ಬರಬೇಕಾಗಿದ್ದ ಅಂಕಿ ಯಾವುದೆಂದು ನನಗೂ ಗೊತ್ತು, ಅವನಿಗೂ ಗೊತ್ತು. ಹದಿನೈದು ವರ್ಷದ ಹಿಂದಿನ ತಿಂಡಿಯ ಸಾಲು ಇಬ್ಬರ ಕಣ್ಣೆದುರಿಗೂ ಬಂದಿರಬೇಕು. "ಎಂಟು," ಎಂದ.

ಸುಳ್ಳಿನ ದೊಡ್ಡ ತೊಂದರೆಯೆಂದರೆ ಅದನ್ನು ಕಾಲಿಗೆ ಹಾಕಿ ನೋಡುವಂತಿಲ್ಲ. ಅಕ್ಕನ ಚಪ್ಪಲಿಯನ್ನು ತಮ್ಮ ಮೆಟ್ಟಿ ನೋಡಿಯಾನೆ? ಅವನು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮಗುಚಿ, ಕಲ್ಲಂಗಡಿ ಕೊಳ್ಳುವವನಂತೆ ಬೆರಳಿನಿಂದ ತಟ್ಟಿ ನೋಡುತ್ತಿದ್ದ. ಆ ಹೊತ್ತಿಗೆ ನನ್ನ ಹಿಂದಿನಿಂದ "ನಮಸ್ಕಾರ ಸಾರ್" ಎಂಬ ದನಿ ಕೇಳಿತು. ನನ್ನ ಎರಡನೆಯ ವರ್ಷದ ತರಗತಿಯ ಹುಡುಗ, ತಾಯಿಯೊಡನೆ ಬಂದಿದ್ದಾನೆ! ನಾನು ಏನು ಮಾಡಿದೆನೆಂಬುದನ್ನು ಇದ್ದಂತೆಯೇ ಹೇಳಿಬಿಡುತ್ತೇನೆ. ಮೂರು ಹೆಜ್ಜೆ ಆಚೆಗೆ ಸರಿದು, ಗಂಡಸರ ಬೂಟ್ಸುಗಳ ಮುಂದೆ ನಿಂತು, ಆ ತಾಯಿಯೊಡನೆ ಆಂತರಿಕ ಪರೀಕ್ಷೆಯ ಅಂಕಗಳ ವಿಚಾರವನ್ನು ಹತ್ತು ನಿಮಿಷ ಮಾತನಾಡಿದೆ. "ಒಬ್ಬರೇ ಬಂದಿರಾ ಸಾರ್?" ಎಂದು ಆಕೆ ಕೇಳಿದರು. "ಹೌದು," ಎಂದೆ.

ಗೆಳೆಯ ಹಣ ಕೊಟ್ಟು ಹೊರಗೆ ಹೋಗಿ ನಿಂತಿದ್ದ. ಆಟೋದಲ್ಲಿ ಇಬ್ಬರೂ ಮಾತನಾಡಲಿಲ್ಲ. ಆ ಎಂಟನೆಯ ನಂಬರಿನೊಳಕ್ಕೆ ಅವನ ಬೆರಳುಗಳು ಹೋದುವು, ಹಿಮ್ಮಡಿ ಹೋಗಲಿಲ್ಲ. ಬದಲಾಯಿಸಿಕೊಂಡು ಬರುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆ ಮೇಲೆ ನನಗೆ ಬಹಳ ದಿನ ಸಮಾಧಾನವಿರಲಿಲ್ಲ. ಮೇಷ್ಟರಾದವರು ಮನಸ್ಸು ಕೆಟ್ಟಾಗ ಪುಸ್ತಕ ತೆರೆಯುವುದು ರೂಢಿ. ಎತ್ತರದ ಹಿಮ್ಮಡಿ ಹುಟ್ಟಿದ್ದು ಹೆಂಗಸರಿಗಾಗಿ ಅಲ್ಲವೆಂಬ ಸಂಗತಿ ಆಗ ತಿಳಿಯಿತು. ಪರ್ಷಿಯದ ಕುದುರೆ ಸವಾರರು ರಿಕಾಪಿನಲ್ಲಿ ಕಾಲು ಜಾರದಿರಲೆಂದು ಅದನ್ನು ತೊಡುತ್ತಿದ್ದರು. 17ನೆಯ ಶತಮಾನದಲ್ಲಿ ಯೂರೋಪಿನ ಗಂಡಸರು ಅದನ್ನು ಮೆಚ್ಚಿ ಕಲಿತರು. ಫ್ರಾನ್ಸಿನ 14ನೆಯ ಲೂಯಿ ದೊರೆಯನ್ನು 1701ರಲ್ಲಿ ರಿಗೋ ಎಂಬ ಕಲಾವಿದ ಬರೆದ ಚಿತ್ರದಲ್ಲಿ, ಆ ಚಕ್ರವರ್ತಿ ಕೆಂಪು ಹಿಮ್ಮಡಿಯ ಪಾದರಕ್ಷೆ ತೊಟ್ಟು, ಕಾಲನ್ನು ಮುಂದಕ್ಕಿಟ್ಟು, ಎಲ್ಲರೂ ನೋಡಲೆಂದೇ ನಿಂತಿದ್ದಾನೆ. ನಮ್ಮಲ್ಲಿಯೂ ಬಾಲಗಂಧರ್ವರು (1888–1967) ಮರಾಠಿ ರಂಗಭೂಮಿಯಲ್ಲಿ ಉಟ್ಟ ಸೀರೆಯ ರೀತಿಯನ್ನು ನೋಡಿ ಮಹಾರಾಷ್ಟ್ರದ ಗೃಹಿಣಿಯರು ಉಡಲು ಕಲಿತರು. 1964ರಲ್ಲಿ ಅವರಿಗೆ ಪದ್ಮಭೂಷಣ ಬಂದಿತು. ಕರಾವಳಿಯ ಯಕ್ಷಗಾನದ ಸ್ತ್ರೀವೇಷಧಾರಿಗಳಿಗೆ ಇಂದಿಗೂ ಸಭೆಗಳಲ್ಲಿ ಸನ್ಮಾನ ನಡೆಯುತ್ತಿದೆ. ದೀಪ ಉರಿಯುತ್ತಿರುವಷ್ಟು ಹೊತ್ತು ಶಾಲು, ದೀಪ ಆರಿದ ಮೇಲೆ ಅಡ್ಡಹೆಸರು. ನಮ್ಮ ಹಾಸ್ಟೆಲೂ ಇದನ್ನೇ ಮಾಡಿತ್ತು. ಹೆಂಗಸರು ಗಂಡಸರ ಸಾಲಿನಿಂದ ಬೂಟ್ಸು ಆರಿಸಿಕೊಂಡರೆ ಯಾರಿಗೆಂದು ಕೇಳುವವರೂ ಇಲ್ಲ.

ಕಾನೂನಿನ ಭಯವೂ ಅವನ ಮನಸ್ಸಿನ ಮೂಲೆಯಲ್ಲಿತ್ತು. ಗಂಡಸು ಹೆಂಗಸರ ಚಪ್ಪಲಿ ಕೊಳ್ಳಬಾರದೆಂಬ ಕಾನೂನು ಈ ದೇಶದಲ್ಲಿಲ್ಲ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯ, ಲಿಂಗಪರಿವರ್ತಿತರ ಹಕ್ಕುಗಳ ಮೊಕದ್ದಮೆಯಲ್ಲಿ, ತನ್ನ ಅಂತರಂಗದ ಲಿಂಗಭಾವವನ್ನು ಉಡುಪಿನಿಂದ, ಮಾತಿನಿಂದ, ನಡೆಯಿಂದ ಪ್ರಕಟಿಸುವುದು ಸಂವಿಧಾನದ 19ನೆಯ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆಂದು ಹೇಳಿತು. ಇದನ್ನು ನಾನು ಅವನಿಗೆ ಉತ್ಸಾಹದಿಂದ ಓದಿ ಹೇಳಿದೆ. ಅವನು ಕೇಳಿ, "ಸರಿ, ಆದರೆ ಅಂಗಡಿ ಹುಡುಗನಿಗೆ ತೀರ್ಪು ಓದಿ ಹೇಳೋಕಾಗತ್ತಾ?" ಎಂದ.

ಎರಡನೆಯ ಪ್ರಯಾಣವನ್ನು ಯೋಜಿಸಿದವಳು ಅವನ ಹೆಂಡತಿ. ಅವಳ ಬುದ್ಧಿಯ ಮುಂದೆ ನಮ್ಮಿಬ್ಬರ ಪದವಿಗಳು ನಿವಾಳಿಸಿ ಎಸೆಯತಕ್ಕವು. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆಂದು ಸಂಜೆಯೇ ಕಾಗದದ ಮೇಲೆ ನಿಲ್ಲಿಸಿ, ಸೀಸದಕಡ್ಡಿಯನ್ನು ನೆಟ್ಟಗೆ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆದಳು. ಎಡಗಾಲು ಬಲಗಾಲಿಗಿಂತ ಕೂದಲೆಳೆಯಷ್ಟು ದೊಡ್ಡದಿತ್ತು, ದೊಡ್ಡದಕ್ಕೇ ಕೊಳ್ಳಬೇಕೆಂದಳು. ಮುಂದೆ ಬೆರಳು ತೆರೆದಿರಲಿ, ಹಿಂದೆ ಬಕಲು ಹಾಕುವ ಪಟ್ಟಿ ಇರಲಿ, ಹಿಮ್ಮಡಿ ಮೊಳೆಯಂತಿರದೆ ಇಟ್ಟಿಗೆಯಂತೆ ಅಗಲವಾಗಿರಲಿ, ಎತ್ತರ ಒಂದೂವರೆ ಅಂಗುಲ ಮೀರದಿರಲಿ ಎಂದಳು. ವಾರದ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ; ಆಗ ಅಂಗಡಿಯವರಿಗೂ ಪುರುಸೊತ್ತು. ಕೊನೆಯದಾಗಿ, "ಅಕ್ಕನ ಹೆಸರು ಎತ್ತಿದರೆ ಮನೆಗೆ ಬರಬೇಡಿ," ಎಂದಳು.

ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಮೆಟ್ರೋ ಇಳಿದು ಕಮರ್ಷಿಯಲ್ ಸ್ಟ್ರೀಟಿನತ್ತ ನಡೆದೆವು. ದಾರಿಯುದ್ದಕ್ಕೂ ಅವನು ಒಂದೇ ವಾಕ್ಯವನ್ನು ಉರುಹಚ್ಚುತ್ತಿದ್ದ. ಅಂಗಡಿಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಟೀ ಲೋಟ.

"ಏನು ತೋರಿಸಲಿ?"

"ಹೆಂಗಸರ ಸ್ಯಾಂಡಲ್ಸ್. ನನಗೇ."

ಆಕೆ ಲೋಟವನ್ನು ಕೆಳಗಿಟ್ಟರು. ಅವನ ಮುಖವನ್ನು ಒಮ್ಮೆ ನೋಡಿದರು. ಅದು ಎಷ್ಟು ಹೊತ್ತಿನ ನೋಟವೆಂದು ನಾನು ಹೇಳಲಾರೆ, ನನಗಂತೂ ದೀರ್ಘವಾಗಿ ಕಂಡಿತು. ಆ ಮೇಲೆ ಕಾಲನ್ನು ನೋಡಿದರು. "ಕೂತ್ಕೊಳ್ಳಿ ಸಾರ್. ಸೈಜು?"

ಅವನ ಗಂಟಲು ಕಟ್ಟಿತು. ಆಕೆ ಕಾಯಲಿಲ್ಲ, ಅಳತೆಯ ಪಟ್ಟಿ ತಂದು ಅವನ ಪಾದವನ್ನು ಅದರ ಮೇಲಿಟ್ಟು, ಕನ್ನಡಕ ಸರಿಪಡಿಸಿಕೊಂಡು, ಅಟ್ಟದ ಕಡೆಗೆ ಮುಖವೆತ್ತಿ, ತರಕಾರಿ ಮಾರುವವರ ಕಂಠದಲ್ಲಿ ಕೂಗಿದರು: "ಲೇಡೀಸ್ ಒಂಬತ್ತು ಇದೆಯೇನೋ?"

ನಾನು ಗೋಡೆಯ ಗಡಿಯಾರವನ್ನು ನೋಡಿದೆ. ಮೇಲಿನಿಂದ ಉತ್ತರ ಬಂದಿತು: "ಒಂಬತ್ತಾ? ಒಂದೇ ಒಂದು ಜೊತೆ ಇದೆ ಅಕ್ಕಾ. ಮೆರೂನ್ ಕಲರ್ರು."

"ಇಳಿಸು ಒಂಬತ್ತು!"

ಮೂರು ಸಲ ಆ ಅಂಗಡಿಯ ಗಾಳಿಯಲ್ಲಿ ಆ ಅಂಕಿ ಹಾರಾಡಿತು. ಗೆಳೆಯನ ಕಿವಿ ಕೆಂಪಾಗಿದ್ದುವು. ಆದರೆ ಅವನು ಏಳಲಿಲ್ಲ. ಬಾಗಿಲ ಬಳಿ ನಿಂತಿದ್ದ ಇಬ್ಬರು ತರುಣರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಒಬ್ಬ ಫೋನನ್ನು ಹೊರತೆಗೆದ. ಈ ಸಲ ನಾನು ಮಾಡಿದ್ದು ಇಷ್ಟೇ: ಎದ್ದು ಹೋಗಿ, ಅವರಿಗೂ ಗೆಳೆಯನಿಗೂ ನಡುವೆ, ಬೆನ್ನು ಅವರತ್ತ ಮಾಡಿ ನಿಂತೆ. ಹದಿನೆಂಟು ವರ್ಷದ ಹುಡುಗರಿಗೆ ಬೆನ್ನು ತೋರಿಸಿ ನಿಲ್ಲುವುದು ಅಧ್ಯಾಪಕನಿಗೆ ಸುಲಭವಲ್ಲ. ಅಂಗಡಿಯಾಕೆ, "ನಿಮಗೇನಪ್ಪ ಬೇಕು? ಬೇಡದಿದ್ರೆ ದಾರಿ ಬಿಡಿ," ಎಂದರು. ಅವರು ಹೋದರು.

ಮೆರೂನು ಬಣ್ಣದ ಆ ಜೊತೆಯ ಪೆಟ್ಟಿಗೆಯ ಮೇಲೆ ಧೂಳು ಕುಳಿತಿತ್ತು. ಆಕೆ ಸೆರಗಿನಿಂದ ಒರೆಸಿ, ಬಕಲನ್ನು ಕೊನೆಯಿಂದ ಎರಡನೆಯ ತೂತಿಗೆ ಹಾಕಿದರು. "ಮುಂಗಾಲು ಊರಬೇಡಿ ಸಾರ್, ಹಿಮ್ಮಡಿ ಮೊದಲು. ಹಾಂ. ಬೆನ್ನು ನೆಟ್ಟಗೆ." ಅವನು ಕನ್ನಡಿಯವರೆಗೆ ನಡೆದ, ತಿರುಗಿದ, ಬಂದ. ಉತ್ತರೆಯ ನಾಟ್ಯಶಾಲೆಯಲ್ಲಿ ಕಂಡ ನಡೆಯೇ ಅದು, ನಾನು ಗುರುತಿಸಿದೆ. "ಎರಡು ವರ್ಷದಿಂದ ಬಿದ್ದಿತ್ತು ಇದು," ಎಂದು ಆಕೆ ನನ್ನತ್ತ ತಿರುಗಿ ಸಂತೋಷದಿಂದ ಹೇಳಿದರು. "ಕೇಳೋರೇ ಇರಲಿಲ್ಲ. ಇನ್ನೂರು ಕಮ್ಮಿ ಮಾಡ್ಕೊಡ್ತೀನಿ. ಇನ್ನೊಂದು ಬೇಕಾದ್ರೆ ತರಿಸಿಕೊಡಲಾ?"

ಹಣ ಕೊಡುವಲ್ಲಿ ಹುಡುಗ, "ಗಿಫ್ಟ್ ಪ್ಯಾಕ್ ಮಾಡ್ಲಾ ಸಾರ್?" ಎಂದ. ಬೇಡವೆಂದ ಗೆಳೆಯ, ಅಂಗಡಿಯ ಫೋನ್ ನಂಬರನ್ನು ಬರೆದುಕೊಂಡ.

ಆ ಬಳಿಕ ಹೋಟೆಲೊಂದರಲ್ಲಿ ಕಾಫಿಗೆ ಕುಳಿತೆವು. ಬಹಳ ದಿನದಿಂದ ಹೇಳಬೇಕೆಂದಿದ್ದುದನ್ನು ನಾನು ಆರಂಭಿಸಿದೆ. ಹಾಸ್ಟೆಲು, ತಿಂಡಿಯ ಸಾಲು, ಜಯನಗರ. ಮಾತು ನೇರವಾಗಿ ಬರಲಿಲ್ಲ. ಅವನು ಲೋಟದಲ್ಲಿ ಕಾಫಿಯನ್ನು ಆರಿಸುತ್ತ ಕೇಳಿಸಿಕೊಂಡ.

"ನೀನೂ ಕರೀತಿದ್ದೆ. ನನಗೆ ನೆನಪಿದೆ," ಎಂದ. "ಅದಕ್ಕೇ ನಿನ್ನ ಕರ್ಕೊಂಡು ಬಂದದ್ದು. ಬೇರೆಯವರ ಮುಂದೆ ಆ ನಂಬರ್ ಕೇಳಿಸಿಕೊಂಡರೆ ಏನು ಬಂತು?"

ಆ ಎಂಟನೆಯ ನಂಬರಿನ ಜೊತೆ ಈಗ ನಮ್ಮ ಮನೆಯಲ್ಲಿದೆ. ನನ್ನ ಅತ್ತಿಗೆಗೆ ಕೊಟ್ಟೆವು. ಸ್ವಲ್ಪ ದೊಡ್ಡದಾಗುತ್ತದೆಂದು ಮುಂದೆ ಹತ್ತಿ ಇಟ್ಟುಕೊಂಡು ಮೆಟ್ಟುತ್ತಿದ್ದಾರೆ. ಯಾರು ಕೊಂಡದ್ದೆಂದು ಅವರು ಕೇಳಿದರು. ಗೆಳೆಯ ತನಗಾಗಿ ಕೊಂಡದ್ದು, ಆಗಲಿಲ್ಲ ಎಂದೆ.